'ಕೃಪೆ: ಅಂತರ್ಜಾಲ' ಅಂತ ಬರೆಯುವ ಮುನ್ನ

ಇತಿಹಾಸ ವಿದ್ಯಾರ್ಥಿಗಳ ಮಹಾಪ್ರಬಂಧದ ಕರಡು ತಿದ್ದಿಕೊಡುವುದು ನನ್ನ ಕೆಲಸ. ಚಿತ್ರದ ಕೆಳಗೆ 'ಕೃಪೆ: ಗೂಗಲ್' ಅಂತ ಕಂಡರೆ ಕೆಂಪು ಪೆನ್ನು ಸುಮ್ಮನಿರುವುದಿಲ್ಲ. ಗೂಗಲ್ ಫೋಟೊ ಹುಡುಕಿಕೊಡುತ್ತದೆ, ತೆಗೆಯುವುದಿಲ್ಲ. ಸಂತೆಯಲ್ಲಿ ಕೊಂಡ ಮಡಕೆಗೆ 'ಮಾಡಿದವರು: ಸಂತೆ' ಅಂದ ಹಾಗಾಯಿತು.

ಅಡಿಬರಹದಲ್ಲಿ ಏನು, ಎಲ್ಲಿ, ಯಾವಾಗ ಅನ್ನುವುದಿರಲಿ. ಕೃಪೆಯಲ್ಲಿ ಯಾರು ತೆಗೆದದ್ದು, ಎಲ್ಲಿಂದ ತಂದದ್ದು, ಯಾವ ಷರತ್ತಿನ ಮೇಲೆ ಅನ್ನುವುದಿರಲಿ.

ಮೊನ್ನೆ ಬಂದ ಅಧ್ಯಾಯವೊಂದರಲ್ಲಿ 'ಚಿತ್ರ 3: ಹಂಪಿ' ಅಂತಷ್ಟೇ ಇತ್ತು. ನೋಡಿದರೆ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ! ಈಗ ಅದಿಲ್ಲ, ಅನುಮಾನವಿದ್ದರೆ 50 ರೂಪಾಯಿಯ ಹೊಸ ನೋಟು ತಿರುಗಿಸಿ ನೋಡಿ. ಅಧ್ಯಾಯದಲ್ಲಿದ್ದದ್ದು ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೊ. ಇಸವಿಯೇ ಇಲ್ಲದಿದ್ದರೆ ಆ ಚಿತ್ರ ಹಾಕಿ ಏನು ಬಂತು? ತಿದ್ದಿದ ಮೇಲೆ ಹೀಗಾಯಿತು:

ಚಿತ್ರ 3.1: ಕಲ್ಲಿನ ರಥ, ವಿಠ್ಠಲ ದೇವಾಲಯ, ಹಂಪಿ, 1856. ಈಗ ಇಲ್ಲದ ಇಟ್ಟಿಗೆ ಶಿಖರವನ್ನು ಗಮನಿಸಿ. ಛಾಯಾಗ್ರಹಣ: ಅಲೆಕ್ಸಾಂಡರ್ ಗ್ರೀನ್‌ಲಾ. ವಿಕಿಮೀಡಿಯಾ ಕಾಮನ್ಸ್, ಸಾರ್ವಜನಿಕ ಸ್ವತ್ತು.

ಕಾಮನ್ಸ್ ಅಂದರೆ ಮರುಬಳಕೆಗೆ ಬಿಟ್ಟ ಚಿತ್ರಗಳ ಅಂತರ್ಜಾಲ ಭಂಡಾರ. ಅಲ್ಲಿರುವುದೆಲ್ಲ ಹೀಗೆ ಯಾರ ಹಕ್ಕೂ ಇಲ್ಲದ 'ಸಾರ್ವಜನಿಕ ಸ್ವತ್ತು' ಅಲ್ಲ. 'ಸಿಸಿ ಬಿವೈ-ಎಸ್‌ಎ 4.0' (ಹೆಸರು ಹಾಕಿ, ಅದೇ ಷರತ್ತಿನಲ್ಲಿ ಹಂಚಿ ಅನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸು) ಅಂತಿದ್ದರೆ ತೆಗೆದವರ ಹೆಸರು, ಲೈಸೆನ್ಸು, ಅದರ ಕೊಂಡಿ ಮೂರೂ ಬೇಕು. ಅಂಚು ಕತ್ತರಿಸಿದ್ದರೆ 'ಕತ್ತರಿಸಲಾಗಿದೆ' ಅಂತಲೂ ಸೇರಿಸಿ. ಬೇರೆಯವರ ಪುಸ್ತಕದಿಂದ ಸ್ಕ್ಯಾನ್ ಮಾಡಿದ್ದಕ್ಕೆ ಪುಟಸಂಖ್ಯೆ ಕೊಡಿ. ಮುಂದೆ ಪ್ರಬಂಧ ಪುಸ್ತಕವಾಗುವುದಿದ್ದರೆ ಹೆಸರು ಹಾಕಿದ್ದೊಂದೇ ಸಾಲದು, ಹಕ್ಕುದಾರರ ಅನುಮತಿ ಪತ್ರ ಬೇಕಾದೀತು. ನಮ್ಮ ಕಾನೂನಿನಲ್ಲಿ ಈಗ ಫೋಟೊದ ಹಕ್ಕು ತೆಗೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ಚಿತ್ರದ ಸಂಖ್ಯೆಯನ್ನು ಕೈಯಲ್ಲಿ ಟೈಪ್ ಮಾಡಬೇಡಿ. ವರ್ಡ್‌ನ 'ಇನ್ಸರ್ಟ್ ಕ್ಯಾಪ್ಶನ್' ಬಳಸಿದರೆ ಚಿತ್ರಗಳ ಪಟ್ಟಿಯನ್ನು ಅದರಿಂದಲೇ ತೆಗೆಯಬಹುದು.

ಸ್ವಂತ ಫೋಟೊಗೆ 'ಚಿತ್ರ: ಲೇಖಕಿ' ಅಂದರೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಶಿಕಾರಿಪುರದ ಕಡೆ ಒಂದೇ ದಿನ ನಾಲ್ಕು ಊರು ಸುತ್ತಿ ವೀರಗಲ್ಲುಗಳ ಫೋಟೊ ಹೊಡೆದು, ಗೆಳತಿಗೆ ವಾಟ್ಸಾಪಿನಲ್ಲಿ ಕಳಿಸಿ, ಫೋನಿನಲ್ಲಿದ್ದದ್ದನ್ನು ಅಳಿಸಿಬಿಟ್ಟೆ. ವಾಪಸ್ ಪಡೆದವುಗಳಲ್ಲಿ ತೆಗೆದ ತಾರೀಕೂ ಇಲ್ಲ, ಜಾಗವೂ ಇಲ್ಲ. ಯಾವ ಕಲ್ಲು ಯಾವ ಊರಿನದು ಅಂತ ತಿಳಿಯಲು ಮತ್ತೆ ಬಸ್ಸು ಹತ್ತಬೇಕಾಯಿತು. ಈಗ ಊರಿಗೆ ಕಾಲಿಟ್ಟ ಕೂಡಲೇ ಮೊದಲ ಫೋಟೊ ಊರಿನ ಬೋರ್ಡಿನದು, ಆಮೇಲೆ ಕಲ್ಲಿನದು, ಪಕ್ಕದಲ್ಲೊಂದು ಸ್ಕೇಲ್ ಇಟ್ಟು.