ಮೆಗ್ನೀಷಿಯಂ, ಕ್ಯಾಲ್ಸಿಯಂ, ಆಮೇಲೆ ಅಯೋಡಿನ್

ಮಂಡ್ಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಆವರ್ತ ಕೋಷ್ಟಕದ ಒಂದೊಂದು ಕಂಬಸಾಲೂ ಒಂದು ಗುಂಪು. ಲೋಹಗಳ ಬಗ್ಗೆ ‘ಗುಂಪಿನಲ್ಲಿ ಕೆಳಗೆ ಹೋದಂತೆ ಕ್ರಿಯಾಶೀಲತೆ ಹೆಚ್ಚುತ್ತದೆ’ ಅನ್ನುವುದನ್ನು ಮಕ್ಕಳು ಸಲೀಸಾಗಿ ಬಾಯಿಪಾಠ ಮಾಡುತ್ತಾರೆ. ಆಮೇಲೆ ಅದನ್ನೇ ಕ್ಲೋರಿನ್, ಅಯೋಡಿನ್‌ಗೂ ಬರೆದುಬಿಡುತ್ತಾರೆ. ಅದಕ್ಕೇ ಆ ಸಾಲನ್ನು ನಾನು ಮೊದಲು ಬೋರ್ಡಿಗೆ ಹಾಕುವುದಿಲ್ಲ.

ಸೋಡಿಯಂ ನೀರಿಗೆ ಹಾಕಿ ತೋರಿಸಿ ಅಂತ ಮಕ್ಕಳು ಕೇಳುತ್ತಾರೆ. ಸಿಡಿದರೆ ಕಣ್ಣಿಗೆ ಅಪಾಯ, ಬೇಡ. ವಿಷಯ ತಿಳಿಯೋಕೆ 2ನೇ ಗುಂಪು ಸಾಕು, ಅದರಲ್ಲಿ ಮೆಗ್ನೀಷಿಯಂ, ಅದರ ಕೆಳಗೆ ಕ್ಯಾಲ್ಸಿಯಂ.

ಎರಡು ಪ್ರನಾಳಗಳಲ್ಲಿ ತಣ್ಣೀರು, ಎರಡಕ್ಕೂ ಒಂದೊಂದು ಹನಿ ಫಿನಾಲ್ಫ್ತಲೀನ್ (ಕ್ಷಾರ ಇದ್ದರೆ ಗುಲಾಬಿಯಾಗುವ ಸೂಚಕ). ಒಂದಕ್ಕೆ ಸ್ಯಾಂಡ್‌ಪೇಪರಿನಲ್ಲಿ ಚೆನ್ನಾಗಿ ಉಜ್ಜಿದ ಮೆಗ್ನೀಷಿಯಂ ಪಟ್ಟಿ. ಉಜ್ಜದೆ ಹಾಕಿದರೆ ಮೇಲಿನ ಆಕ್ಸೈಡ್ ಪದರ ಅಡ್ಡ ಬರುತ್ತದೆ. ಇನ್ನೊಂದಕ್ಕೆ ಕ್ಯಾಲ್ಸಿಯಂ ಚೂರು. ಮೆಗ್ನೀಷಿಯಂ ಸುಮ್ನೆ ಕೂತಿರುತ್ತದೆ, ತುಂಬ ಹೊತ್ತಾದ ಮೇಲೆ ಪಟ್ಟಿಯ ಸುತ್ತ ಮಾತ್ರ ತೆಳು ಗುಲಾಬಿ. ಕ್ಯಾಲ್ಸಿಯಂ ಮಾತ್ರ ಹಾಕಿದ ಕೂಡಲೇ ಗುಳುಗುಳು ಅನ್ನುತ್ತದೆ, ನೀರೆಲ್ಲ ಗುಲಾಬಿಯಾಗಿ ಕದಡುತ್ತದೆ. ಆ ಕದಡು ಏನು ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗ, “ಸಾ, ಆಲೆಮನೇಲಿ ಕಬ್ಬಿನ ಹಾಲಿಗೆ ಹಾಕೋ ಸುಣ್ಣ ಇದ್ದಂಗೈತೆ” ಅಂದ. ಅದೇ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನನಗೆ ತುಂಬ ಖುಷಿಯಾಯಿತು.

ಈಗ ಕಾರಣ. ಮೆಗ್ನೀಷಿಯಂನ ಹೊರಗಿನ ಎರಡು ಎಲೆಕ್ಟ್ರಾನ್ 3ನೇ ಕವಚದಲ್ಲಿವೆ, ಕ್ಯಾಲ್ಸಿಯಂನವು 4ರಲ್ಲಿ. ದೂರ ಜಾಸ್ತಿ, ನಡುವೆ ಒಳಕವಚಗಳ ಅಡ್ಡಿಯೂ ಜಾಸ್ತಿ, ನ್ಯೂಕ್ಲಿಯಸ್ಸಿನ ಹಿಡಿತ ಸಡಿಲ. ಮೊದಲ ಎಲೆಕ್ಟ್ರಾನ್ ಕೀಳಲು ಮೆಗ್ನೀಷಿಯಂಗೆ ಮೋಲ್‌ಗೆ ಸುಮಾರು 738 ಕಿಲೋಜೂಲ್ ಬೇಕು, ಕ್ಯಾಲ್ಸಿಯಂಗೆ 590 ಸಾಕು.

ಇನ್ನು ಹ್ಯಾಲೊಜೆನ್‌ಗಳು, ಅಂದರೆ ಮೇಲಿನಿಂದ ಕೆಳಕ್ಕೆ ಕ್ಲೋರಿನ್, ಬ್ರೋಮಿನ್, ಅಯೋಡಿನ್ ಇರುವ ಗುಂಪು. ಇವಕ್ಕೆ ಬೇಕಾಗಿರುವುದು ಎಲೆಕ್ಟ್ರಾನ್ ಕೊಡುವುದಲ್ಲ, ಕಿತ್ತುಕೊಳ್ಳುವುದು. ಹಿಡಿತ ಸಡಿಲವಾದರೆ ಇಲ್ಲಿ ನಷ್ಟ ಅಲ್ವಾ? ಕಿಟಕಿಗಳನ್ನೆಲ್ಲ ತೆರೆದು, ಪೊಟ್ಯಾಸಿಯಂ ಅಯೊಡೈಡ್ ದ್ರಾವಣಕ್ಕೆ ಲ್ಯಾಬಿನ ಕ್ಲೋರಿನ್ ನೀರನ್ನು ಕೆಲವೇ ಹನಿ ಬಿಡುತ್ತೇನೆ. ಕಂದು ಬಣ್ಣ ಬರುತ್ತದೆ. ಅನ್ನದ ಗಂಜಿಯ ತಿಳಿ ಹಾಕಿದರೆ ಕಡುನೀಲಿ, ಅಯೋಡಿನ್ ಹೊರಬಿದ್ದಿದೆ. ತಿರುಗುಮುರುಗು ಮಾಡಿ ಉಪ್ಪುನೀರಿಗೆ ಅಯೋಡಿನ್ ಹಾಕಿದರೆ ಏನೂ ಆಗುವುದಿಲ್ಲ. ಕ್ಲೋರೈಡ್‌ನಿಂದ ಎಲೆಕ್ಟ್ರಾನ್ ಕೀಳುವ ತಾಕತ್ತು ಅಯೋಡಿನ್‌ಗೆ ಇಲ್ಲ.

ಇಷ್ಟಾದ ಮೇಲೆ ಬ್ರೋಮಿನ್ ಬಗ್ಗೆ ಕೇಳುತ್ತೇನೆ, ಪುಸ್ತಕ ಮುಚ್ಚಿಸಿ. ಅಯೋಡಿನನ್ನು ಹೊರಹಾಕುತ್ತದೆ, ಕ್ಲೋರಿನನ್ನು ಆಗಲ್ಲ ಅಂತ ಈಗ ಮಕ್ಕಳೇ ಕಾರಣ ಸಮೇತ ಹೇಳುತ್ತಾರೆ.