ವೇಗ ಬದಲಾದಾಗ ಮಾತ್ರ ಪ್ಯಾನಿಕ್: ಕಾರಣ ರ‍್ಯಾಂಪ್ ಡಿಲೇ

ಆರ್ಮ್ ಬೋರ್ಡ್‌ನಲ್ಲಿ ಲಿನಕ್ಸ್ ಕರ್ನಲ್ ಆಗಾಗ ಪ್ಯಾನಿಕ್ ಆಗುತ್ತಿತ್ತು, ಅಂದರೆ ಚೇತರಿಸಿಕೊಳ್ಳಲಾಗದ ದೋಷ ಕಂಡು ನಿಂತುಬಿಡುತ್ತಿತ್ತು. ಒಮ್ಮೆ ಶೆಡ್ಯೂಲರ್‌ನಲ್ಲಿ, ಇನ್ನೊಮ್ಮೆ ಫೈಲ್ ಸಿಸ್ಟಂನಲ್ಲಿ. ಹೀಗೆ ಜಾಗ ಬದಲಾಗುತ್ತಿದ್ದರೆ ಕೋಡ್ ಓದುತ್ತ ಕೂರಬೇಡಿ, ಮೊದಲು ವೋಲ್ಟೇಜ್ ನೋಡಿ.

ಸಿಪಿಯು ವೇಗ ನಿರ್ಧರಿಸುವ ಗವರ್ನರ್ ಅನ್ನು ಯೂಸರ್‌ಸ್ಪೇಸ್‌ಗೆ (ವೇಗವನ್ನು ನಾವೇ ಆರಿಸುವ ಬಗೆ) ಬದಲಿಸಿ, ಒಂದೊಂದೇ ಫ್ರೀಕ್ವೆನ್ಸಿಯಲ್ಲಿ ಅರ್ಧ ಗಂಟೆ ಸ್ಟ್ರೆಸ್ ಟೆಸ್ಟ್ ಓಡಿಸಿದೆ. ಎಲ್ಲೂ ಬೀಳಲಿಲ್ಲ. ಯಾವುದಾದರೂ ಒಂದೇ ಹಂತದಲ್ಲಿ ಬಿದ್ದಿದ್ದರೆ ಒಪಿಪಿ ಟೇಬಲ್‌ನಲ್ಲಿ (ಪ್ರತಿ ಫ್ರೀಕ್ವೆನ್ಸಿಗೂ ಬೇಕಾದ ವೋಲ್ಟೇಜ್‌ನ ಪಟ್ಟಿ) ಆ ಹಂತದ ವೋಲ್ಟೇಜ್ ಮೇಲೆ ಅನುಮಾನ ಪಡಬೇಕಿತ್ತು. ಆಮೇಲೆ ಕನಿಷ್ಠ, ಗರಿಷ್ಠಗಳ ನಡುವೆ ಲೂಪ್ ಹಾಕಿ ಜಿಗಿಸಿದೆ: ನಿಮಿಷದೊಳಗೆ ಪ್ಯಾನಿಕ್.

ವೇಗ ಏರಿಸುವಾಗ ಮೊದಲು ವೋಲ್ಟೇಜ್, ಆಮೇಲೆ ಕ್ಲಾಕ್, ಇಳಿಸುವಾಗ ಉಲ್ಟಾ. ಡ್ರೈವರ್‌ನಲ್ಲಿ ಈ ಕ್ರಮ ಸರಿಯಾಗಿಯೇ ಇತ್ತು. ಆದರೆ ಬೋರ್ಡ್‌ನ ಹಾರ್ಡ್‌ವೇರ್ ವಿವರಣೆಯಾದ ಡಿವೈಸ್ ಟ್ರೀಯಲ್ಲಿ, ಸಿಪಿಯುಗೆ ವೋಲ್ಟೇಜ್ ಕೊಡುವ ರೆಗ್ಯುಲೇಟರ್‌ಗೆ ರ‍್ಯಾಂಪ್ ಡಿಲೇ ಕೊಟ್ಟಿರಲಿಲ್ಲ; ವೋಲ್ಟೇಜ್ ಏರಲು ಎಷ್ಟು ಹೊತ್ತು ಕಾಯಬೇಕೆಂದು ಕರ್ನಲ್ ಲೆಕ್ಕ ಹಾಕುವುದು ಇದರಿಂದಲೇ. ವೋಲ್ಟೇಜ್ ಇನ್ನೂ ಏರುತ್ತಿರುವಾಗಲೇ ಕರ್ನಲ್ ಕ್ಲಾಕ್ ಏರಿಸಿಬಿಡುತ್ತಿತ್ತು. ಮೈಕ್ರೋಸೆಕೆಂಡಿಗೆ 2,500 ಮೈಕ್ರೋವೋಲ್ಟ್‌ನಂತೆ ಏರುವ ರೆಗ್ಯುಲೇಟರ್ 1.0ರಿಂದ 1.3 ವೋಲ್ಟ್ ಮುಟ್ಟಲು 120 ಮೈಕ್ರೋಸೆಕೆಂಡ್ ಬೇಕು.

ಡೇಟಾಶೀಟ್‌ನಲ್ಲಿದ್ದ 2500 ಅನ್ನೇ ಹಾಕಿದೆ. ಇಲ್ಲೊಂದು ಎಡವಟ್ಟು ಸುಲಭ: ಹೆಸರು ಡಿಲೇ ಆದರೂ ಅದು ಏರುವ ವೇಗ. ‘ಸೇಫ್ ಆಗಿರಲಿ’ ಎಂದು ದೊಡ್ಡ ಸಂಖ್ಯೆ ಕೊಟ್ಟರೆ ಕರ್ನಲ್ ಇನ್ನೂ ಕಡಿಮೆ ಕಾಯುತ್ತದೆ. ಡಿಟಿಬಿ (ಡಿವೈಸ್ ಟ್ರೀಯ ಬೈನರಿ ಫೈಲ್) ಮತ್ತೆ ಕಂಪೈಲ್ ಮಾಡಿ ಬೂಟ್ ಮಾಡಿದ ಮೇಲೆ ಅದೇ ಲೂಪ್ ಪ್ಯಾನಿಕ್ ಇಲ್ಲದೆ ರಾತ್ರಿಯಿಡೀ ಓಡಿತು.