ಆರ್ಕಿಡ್ ಶೋ: ಹೂವಿನ ಮುಖ ಕಾಣುವಂತೆ ಜೋಡಿಸುವುದು ಹೇಗೆ?

ಗಿಡ ಬೆಳೆಸುವವರ ಕ್ಲಬ್ಬಿನಲ್ಲಿ ಆರ್ಕಿಡ್ ಶೋ ಜೋಡಿಸಲು ಯಾರು ಬರುತ್ತೀರಿ ಎಂದರೆ ಕೈ ಎತ್ತುವವರಿಗೆ ಕೊರತೆ ಇಲ್ಲ. ಕುಂಡ ತಂದು ಮೇಜಿನ ಮೇಲಿಟ್ಟರೆ ಆಯ್ತಲ್ವಾ ಎಂಬ ಎಣಿಕೆ. ಹಾಗೆ ಇಟ್ಟ ಮೇಜಿನಲ್ಲಿ ಕುಂಡಗಳು ಚೆನ್ನಾಗಿ ಕಾಣುತ್ತವೆ, ಹೂವಿನ ಬೆನ್ನು ಇನ್ನೂ ಚೆನ್ನಾಗಿ ಕಾಣುತ್ತದೆ. ನೀವೂ ಕೈ ಎತ್ತಿದ್ದರೆ ಹೀಗೆ ಮಾಡಿ.

ಹಂತ 1: ಪಟ್ಟಿ ಮಾಡಿ

ನಿಮಗೆ ಕೊಟ್ಟ ಜಾಗದ ಉದ್ದ, ಅಗಲ, ಎತ್ತರ ಕೇಳಿಕೊಳ್ಳಿ. ಪ್ರತಿ ಕುಂಡದ ತಳಕ್ಕೂ ಒಂದು ಟೇಪ್ ಅಂಟಿಸಿ ನಂಬರ್ ಬರೆಯಿರಿ. ಯಾವ ನಂಬರ್ ಯಾರದ್ದು ಎಂಬುದು ಪುಸ್ತಕದಲ್ಲಿರಲಿ.

ಹಂತ 2: ಗಿಡ ಸಿದ್ಧಮಾಡಿ

ನಿನ್ನೆ ಅರಳಿದ ಕ್ಯಾಟ್ಲಿಯಾ ಹೂವನ್ನು ಶೋಗೆ ತರಬೇಡಿ. ಅದು ಪೂರ್ತಿ ಬಿಚ್ಚಿ, ಗಟ್ಟಿಯಾಗಿ, ಬಣ್ಣ ತುಂಬಿಕೊಳ್ಳಲು ಕೆಲವು ದಿನ ಬೇಕು. ನೀರನ್ನು ಹಿಂದಿನ ದಿನವೇ ಹಾಕಿ. ಎಲೆಯ ಅಡಿಯಲ್ಲಿ ಹಿಟ್ಟುತಿಗಣೆ ಇದೆಯೇ ನೋಡಿ. ಇದ್ದರೆ ಆ ಗಿಡ ಮನೆಯಲ್ಲೇ ಇರಲಿ. ಹಳದಿ ಎಲೆ ಕತ್ತರಿಸುವಾಗ ಗಿಡದಿಂದ ಗಿಡಕ್ಕೆ ಬ್ಲೇಡನ್ನು ಬೆಂಕಿಗೆ ಹಿಡಿದು ಶುದ್ಧಮಾಡಿ. ಸಿಂಬಿಡಿಯಂ ಮೊಸಾಯಿಕ್‌ನಂಥ ವೈರಸ್ ರಸದ ಮೂಲಕ, ಅದೇ ಕತ್ತರಿಯಲ್ಲಿ ದಾಟಿಕೊಳ್ಳುತ್ತದೆ.

ಎಲೆಗೆ ಹೊಳಪು ಕೊಡುವ ಸ್ಪ್ರೇ ಬೇಡವೇ ಬೇಡ. ಅದು ಎಲೆಯ ಉಸಿರಾಟದ ರಂಧ್ರ ಮುಚ್ಚುತ್ತದೆ, ನೋಡಲು ಪ್ಲಾಸ್ಟಿಕ್ ಗಿಡದ ಹಾಗಾಗುತ್ತದೆ. ನಾಲ್ಕು ಹನಿ ನಿಂಬೆರಸ ಹಾಕಿದ ನೀರಿನಲ್ಲಿ ಹತ್ತಿ ಅದ್ದಿ ಒರೆಸಿದರೆ ಸಾಕು, ನೀರಿನ ಬಿಳಿ ಕಲೆ ಹೋಗುತ್ತದೆ.

ಸ್ಪೈಕ್‌ಗೆ, ಅಂದರೆ ಹೂ ಬಿಡುವ ಕಡ್ಡಿಗೆ, ಆಧಾರ ಕಟ್ಟುವುದು ಶೋ ದಿನದ ಕೆಲಸವಲ್ಲ. ಅದು ಎಳೆಯದಿರುವಾಗಲೇ ಕಟ್ಟಬೇಕು. ಮೊಗ್ಗು ಬಂದಮೇಲೆ ಕುಂಡ ತಿರುಗಿಸಲೂಬಾರದು. ಮೊಗ್ಗುಗಳು ಬೆಳಕಿನ ಕಡೆಗೆ ತಿರುಗುತ್ತವೆ. ದಿನಕ್ಕೊಂದು ದಿಕ್ಕಾದರೆ ಹೂಗಳೂ ದಿಕ್ಕಿಗೊಂದಾಗುತ್ತವೆ. ಬೆಳಿಗ್ಗೆ ಗಡಿಬಿಡಿಯಲ್ಲಿ ಬಗ್ಗಿಸಲು ಹೋದರೆ ಸ್ಪೈಕ್ ಲಟಕ್ಕನೆ ಮುರಿಯುತ್ತದೆ.

ಹಂತ 3: ಸಾಗಿಸಿ

ಕುಂಡವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುತ್ತ ಮುದ್ದೆಮಾಡಿದ ಪೇಪರ್ ತುರುಕಿ. ಹೂಗಳ ನಡುವೆ ಟಿಶ್ಯೂ ಇರಲಿ. ಅದೇ ಗಾಡಿಯಲ್ಲಿ ಮಾಗಿದ ಹಣ್ಣಿನ ಬುಟ್ಟಿ ಬೇಡ. ಅದರಿಂದ ಬರುವ ಎಥಿಲೀನ್ ಅನಿಲಕ್ಕೆ ಹೂ ಬೇಗ ಬಾಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಿಡ ಬಿಟ್ಟು ಟೀ ಕುಡಿಯಲು ಹೋಗಬೇಡಿ.

ಹಂತ 4: ಜೋಡಿಸಿ

ಎಲ್ಲರೂ ಎಡವುವುದು ಇಲ್ಲೇ. ಶೋಗೆ ಮೀಸಲಿಟ್ಟ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಇಟ್ಟುಕೊಳ್ಳಿ.

ಮೊದಲು ಒಬ್ಬರನ್ನು ನೋಡುಗರು ನಿಲ್ಲುವ ಜಾಗದಲ್ಲಿ ನಿಲ್ಲಿಸಿ. ಅವರು ಒಂದೂ ಕುಂಡ ಮುಟ್ಟಬಾರದು. 'ಎಡಕ್ಕೆ, ಸ್ವಲ್ಪ ಮೇಲಕ್ಕೆ' ಎನ್ನುವುದಷ್ಟೇ ಅವರ ಕೆಲಸ. ಮೇಜಿನ ಹಿಂದೆ ನಿಂತು ಜೋಡಿಸುವವರಿಗೆ ತಮ್ಮ ಕಡೆಯ ನೋಟವೇ ಚೆಂದ ಕಾಣುತ್ತಿರುತ್ತದೆ, ಜನ ನೋಡುವುದೋ ಇನ್ನೊಂದು ಕಡೆಯಿಂದ.

ಹಿನ್ನೆಲೆಗೆ ಮಿಂಚಿಲ್ಲದ ಕಪ್ಪು ಬಟ್ಟೆ ಕಟ್ಟಿ. ಸ್ಯಾಟಿನ್ ಬೇಡ, ದೀಪ ಬಿದ್ದರೆ ಹೂವಿಗಿಂತ ಅದೇ ಹೊಳೆಯುತ್ತದೆ. ಆದರೆ ಕಡುಗೆಂಪು, ಕಂದು ಹೂಗಳು ಕಪ್ಪಿನಲ್ಲಿ ಕರಗಿಹೋಗುತ್ತವೆ. ಅವುಗಳ ಹಿಂದೆ ಜರೀಗಿಡವೋ ತೆಳುಬಣ್ಣದ ಹೂವೋ ಇರಲಿ.

ಎತ್ತರಕ್ಕೆ ಮಗುಚಿದ ಕ್ರೇಟ್, ಖಾಲಿ ಕುಂಡ ಸಾಕು. ಅವುಗಳ ಮೇಲೆ ಬಟ್ಟೆ ಹೊದಿಸಿ, ಕೈಯಿಂದ ಅಲುಗಿಸಿ ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಜೋಡಿಸಬೇಡಿ, ಶಾಲೆಯ ಗ್ರೂಪ್ ಫೋಟೋ ತರಹ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ಗಿಡವನ್ನು ನಟ್ಟನಡುವೆ ಇಡದೆ ಒಂದು ಪಕ್ಕಕ್ಕಿಟ್ಟು, ಅಲ್ಲಿಂದ ಉಳಿದವು ಏರುಪೇರಾಗಿ ಇಳಿದು ಬರಲಿ. ಕೆಲಸ ಹಿಂದಿನಿಂದ ಮುಂದಕ್ಕೆ ಸಾಗಬೇಕು.

ಇನ್ನು ಹೂವಿನ ಮುಖ. ಕುಂಡವನ್ನು ಸಪಾಟಾಗಿಯೇ ಇಡಬೇಕೆಂಬ ನಿಯಮವೇನೂ ಇಲ್ಲ. ಕೆಳಗಿಟ್ಟ ಕುಂಡದ ಮುಂದಿನ ಅಂಚನ್ನು ಎತ್ತಿ, ಹೂ ತಲೆ ಎತ್ತಿ ನೋಡುತ್ತದೆ. ಮೇಲಿಟ್ಟ ಕುಂಡದ ಹಿಂದಿನ ಅಂಚನ್ನು ಎತ್ತಿ, ಹೂ ಬಗ್ಗಿ ನೋಡುತ್ತದೆ. ಅಂಚಿನಡಿ ಒಂದು ಮರದ ಚೂರು ಸಿಕ್ಕಿಸಿದರಾಯಿತು. ಸ್ಲಿಪ್ಪರ್ ಆರ್ಕಿಡ್‌ಗೆ ಇದು ಬೇಕೇ ಬೇಕು. ಮೇಲಿನಿಂದ ನೋಡಿದರೆ ಅದರ ನೆತ್ತಿಯ ಎಸಳಷ್ಟೇ ಕಾಣುತ್ತದೆ, ಚಪ್ಪಲಿಯ ಮೂತಿಯಂಥ ಚೀಲ ಕಾಣುವುದೇ ಇಲ್ಲ. ಬಾಗಿದ ಸ್ಪೈಕಿನ ಫೆಲನಾಪ್ಸಿಸ್ ಎತ್ತರದಲ್ಲಿರಲಿ. ವಾಂಡಾ, ಸೀತಾಳೆ ದಂಡೆಯಂಥವನ್ನು ತೂಗುಹಾಕಿ. ವಾಂಡಾದ ಬರಿಬೇರು ಬೇಗ ಒಣಗುತ್ತದೆ. ಬೇರಿಗೆ ಮಾತ್ರ ನೀರು ಸಿಂಪಡಿಸಿ, ಹೂವಿಗೆ ತಾಗಿಸಬೇಡಿ. ಎಸಳಿನ ಮೇಲೆ ನೀರು ನಿಂತರೆ ಬೂಷ್ಟು ಬಂದು ಚುಕ್ಕಿಯಾಗುತ್ತದೆ.

ಬಣ್ಣದ ವಿಷಯದಲ್ಲಿ ನನ್ನದು ಹಟ: ಹತ್ತಿರದ ಬಣ್ಣಗಳು ಹತ್ತಿರವೇ ಇರಬೇಕು. ತಿಳಿಗುಲಾಬಿಯಿಂದ ಕಡುಗುಲಾಬಿಗೆ, ಅಲ್ಲಿಂದ ನೇರಳೆಗೆ ಸಾಗಲಿ. ಹಳದಿ, ಕಿತ್ತಳೆ ಇನ್ನೊಂದು ತುದಿಯಲ್ಲಿರಲಿ. ಬಿಳಿಯನ್ನು ಅಲ್ಲೊಂದು ಇಲ್ಲೊಂದು ಚೆಲ್ಲಿದರೆ ಕಣ್ಣು ನೆಗೆದಾಡುತ್ತದೆ. ಎಲ್ಲ ಬಿಳಿ ಒಂದೇ ಕಡೆ ಬರಲಿ. ಹಾಲ್‌ನ ದೀಪ ಹಾಕಿಸಿಯೇ ಬಣ್ಣ ನಿರ್ಧರಿಸಿ, ಹಳದಿ ಬೆಳಕಿನಲ್ಲಿ ನೇರಳೆ ಮಂಕಾಗುತ್ತದೆ.

ಹೂವಿಗೆ ಹೂ ತಾಗಬಾರದು. ತಂದ ಎಲ್ಲ ಗಿಡವನ್ನೂ ತುರುಕಲೇಬೇಕೆಂಬ ಹಂಬಲವೇ ಅರ್ಧ ಮೇಜುಗಳನ್ನು ಕೆಡಿಸುತ್ತದೆ. 'ಇದು ನಾಳೆಗಿರಲಿ, ಬಾಡಿದ್ದರ ಜಾಗಕ್ಕೆ ಬೇಕಾಗುತ್ತೆ' ಎಂದು ಮಾಲೀಕರಿಗೆ ಮೊದಲೇ ಹೇಳಿಬಿಡಿ. ಅದು ಸುಳ್ಳೂ ಅಲ್ಲ.

ಗಿಡ ಎತ್ತುವಾಗ ಹೂವಿನ ನಡುವಿನ ಕಂಬಕ್ಕೆ ಬೆರಳು ತಾಗದಿರಲಿ. ಅದರ ತುದಿಯಲ್ಲಿ ಪರಾಗದ ಉಂಡೆ, ಮೇಲೊಂದು ಟೋಪಿ ಇರುತ್ತದೆ. ಟೋಪಿ ಉದುರಿದರೆ ಪರಾಗಸ್ಪರ್ಶ ಆಯಿತೆಂಬಂತೆ ಹೂ ಬಾಡಲು ಶುರುಮಾಡುತ್ತದೆ. ಸಿಂಬಿಡಿಯಂ ಆರ್ಕಿಡ್‌ನಲ್ಲಿ ತುಟಿ, ಅಂದರೆ ಹೂವಿನ ಕೆಳಗಿನ ಎಸಳು, ಕೆಂಪಾಗುತ್ತದೆ, ಯಾರೋ ಮುಟ್ಟಿದ್ದಾರೆ ಎಂದು ತೀರ್ಪುಗಾರರಿಗೂ ತಿಳಿಯುತ್ತದೆ.

ಕೊನೆಗೆ ಕುಂಡ ಮುಚ್ಚಿ. ಒದ್ದೆಮಾಡಿ ಚೆನ್ನಾಗಿ ಹಿಂಡಿದ ಪಾಚಿ, ಮರದ ತೊಗಟೆ, ಒಣ ಎಲೆ ಸಾಕು. ಬಣ್ಣ ಹಾಕಿದ ಹಸಿರು ಪಾಚಿ ಕೊಳ್ಳಬೇಡಿ. ನೀರು ಬಿದ್ದರೆ ಬಣ್ಣ ಬಿಟ್ಟು ಬಟ್ಟೆಯೆಲ್ಲ ಹಾಳು. ಪ್ಲಾಸ್ಟಿಕ್ ಹಂಸ, ಪುಟಾಣಿ ಜಲಪಾತ ಮನೆಯಲ್ಲೇ ಇರಲಿ. ಕಡುನೀಲಿ ಫೆಲನಾಪ್ಸಿಸ್ ತಂದವರಿಗೆ ನಯವಾಗಿ ಇಲ್ಲ ಎನ್ನಿ. ಅದು ಬಿಳಿ ಹೂವಿನ ಗಿಡಕ್ಕೆ ಬಣ್ಣ ಏರಿಸಿದ್ದು, ಮುಂದಿನ ಸಲ ಬಿಳಿಯೇ ಬಿಡುತ್ತದೆ.

ಹಂತ 5: ಹೆಸರು ಬರೆಯಿರಿ

ಚೀಟಿ ಚಿಕ್ಕದಿರಲಿ, ಅಕ್ಷರ ದಪ್ಪವಿರಲಿ, ಹೂವಿಗೆ ಅಡ್ಡ ಬರದಿರಲಿ. ಹೈಬ್ರಿಡ್ ಹೆಸರಿನ ಬಗ್ಗೆ ಗೊಂದಲವಾದರೆ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಆರ್ಕಿಡ್ ನೋಂದಣಿ ಪಟ್ಟಿ ನೋಡಿ. ಹೆಸರು ಸಿಗದಿದ್ದರೆ 'ಡೆಂಡ್ರೋಬಿಯಂ ಹೈಬ್ರಿಡ್' ಎಂದಷ್ಟೇ ಬರೆಯಿರಿ. ಸುಮ್ನೆ ಊಹಿಸಿ ಬರೆಯಬೇಡಿ.

ಹಂತ 6: ಬಿಚ್ಚಿ

ಶೋ ಮುಗಿಯುವವರೆಗೆ ಯಾರಿಗೂ ಗಿಡ ಕೊಡಬೇಡಿ, ಅಧ್ಯಕ್ಷರಿಗೂ ಅಷ್ಟೇ. ಒಂದು ಕುಂಡ ಹೋದರೆ ಐದು ನಿಮಿಷದಲ್ಲಿ ಇಡೀ ಮೇಜು ಖಾಲಿಯಾಗುತ್ತದೆ. ನಂಬರ್ ನೋಡಿ, ಸಹಿ ಹಾಕಿಸಿಕೊಂಡು ಕೊಡಿ. ನಿಮ್ಮ ಗಿಡ ಮನೆಗೆ ಬಂದಮೇಲೆ ಎರಡು ವಾರ ಉಳಿದವುಗಳಿಂದ ದೂರವಿಡಿ. ಪಕ್ಕದ ಕುಂಡದ ಹಿಟ್ಟುತಿಗಣೆಯೂ ಜೊತೆಗೆ ಬಂದಿರಬಹುದು.